ಗೋಡೆಗೆ ಹಿಡಿದಿರುವುದು ದೋಷವಲ್ಲ, ಸಿಮೆಂಟು

ಹಳೇ ಮನೆ ಕೊಂಡು ಒಕ್ಕಲು ಬಂದವರಿಗೆ ಅದರ ನಿಜವಾದ ಗುಣ ತಿಳಿಯುವುದು ಮೊದಲ ಮಳೆಗಾಲದಲ್ಲಿ. ಹೊಸದಾಗಿ ಪೇಂಟ್ ಹೊಡೆಸಿದ ನಡುಮನೆಯ ಗೋಡೆ ನೆಲದಿಂದ ಎರಡು ಮೂರು ಅಡಿಯವರೆಗೆ ಕಪ್ಪಿಡುತ್ತದೆ, ಬಣ್ಣ ಗುಳ್ಳೆ ಏಳುತ್ತದೆ, ಗೋಡೆಯ ಬುಡದಲ್ಲಿ ಬಿಳಿ ಪುಡಿ ಉದುರುತ್ತದೆ. ಅಲ್ಲಿಗೆ ಸಲಹೆಗಳು ಶುರು: ಈಶಾನ್ಯ ದೋಷ, ಹಿಂದಿನವರ ಶಾಪ, ಬಾಗಿಲು ಬದಲಿಸಿ. ರಾತ್ರಿ ಮಾಡಿನ ಮರ ತಣ್ಣಗಾಗಿ ಕುಗ್ಗುವಾಗ ಬರುವ ಲಟಕ್ ಸದ್ದನ್ನೂ ಇದಕ್ಕೆ ಸಾಕ್ಷಿಯಾಗಿ ಸೇರಿಸುತ್ತಾರೆ. ಬಾಗಿಲು ಯಾವ ದಿಕ್ಕಿಗೆ ತಿರುಗಿದರೂ ನೆಲದ ನೀರಿಗೆ ಏನೂ ಅನ್ನಿಸುವುದಿಲ್ಲ.

ಇಟ್ಟಿಗೆಯಲ್ಲೂ ಗಾರೆಯಲ್ಲೂ ಕಣ್ಣಿಗೆ ಕಾಣದ ರಂಧ್ರಗಳಿವೆ. ಎಣ್ಣೆ ಬತ್ತಿಯಲ್ಲಿ ಏರುವ ಹಾಗೆಯೇ ನೀರು ಇವುಗಳಲ್ಲಿ ಏರುತ್ತದೆ. ರಂಧ್ರ ಕಿರಿದಾದಷ್ಟೂ ಏರಿಕೆ ಹೆಚ್ಚು ಎಂಬ ನಿಯಮವನ್ನು ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಜ್ಯೂರಿನ್ 1718ರಲ್ಲೇ ಹೇಳಿದ್ದ. ಲೆಕ್ಕ ಸುಲಭ: 1 ಮಿ.ಮೀ. ತ್ರಿಜ್ಯದ ಕೊಳವೆಯಲ್ಲಿ ನೀರು ಸುಮಾರು ಒಂದೂವರೆ ಸೆಂ.ಮೀ. ಏರಿದರೆ, 0.01 ಮಿ.ಮೀ. ಇದ್ದಲ್ಲಿ ಸುಮಾರು ಒಂದೂವರೆ ಮೀಟರ್. ಆದರೆ ಗೋಡೆಯಲ್ಲಿ ತೇವ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಈ ಲೆಕ್ಕವೊಂದೇ ನಿರ್ಧರಿಸುವುದಿಲ್ಲ. ಕೆಳಗಿನಿಂದ ಬರುವಷ್ಟೇ ನೀರು ಮೈಯಿಂದ ಆವಿಯಾಗಿ ಹೋಗುವ ಎತ್ತರದಲ್ಲಿ ಅದು ನಿಲ್ಲುತ್ತದೆ. ಇಡೀ ವಿಷಯದ ಜೀವ ಇಲ್ಲಿದೆ.

ಸುಣ್ಣದ ಗಾರೆ ಆವಿಯನ್ನು ಸರಾಗವಾಗಿ ಬಿಡುತ್ತದೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟು, ನೀರಲ್ಲಿ ಅರಳಿಸಿ, ಮರಳಿನೊಂದಿಗೆ ಅರೆದು ಬಳಿದರೆ, ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ನಮ್ಮ ಕಡೆಯ ಗಾರೆಯವರು ಇದಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸುತ್ತಿದ್ದರು. ಇಂಗ್ಲೆಂಡಿನ ಇಟ್ಟಿಗೆ ಕೆಲಸದ ಮೇಸ್ತ್ರಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಬೇಗ ಗಟ್ಟಿಯಾಗುವ ಈ ವಸ್ತು ಮೇಸ್ತ್ರಿಗಳ ಕೈಗೆ ಬಂದ ಮೇಲೆ ಗಾರೆ ಅರೆಯುವ ತಾಳ್ಮೆ ಯಾರಿಗಿರುತ್ತದೆ? ಹಳೇ ಗೋಡೆಗೂ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಂತು. ಆವಿಗೆ ದಾರಿ ಕಟ್ಟಿತು, ತೇವ ಇನ್ನೂ ಮೇಲೇರಿತು. ಮೂರಡಿಗೆ ಟೈಲ್ಸ್ ಹಾಕಿಸಿದವರ ಮನೆಯಲ್ಲಿ ಮುಂದೆ ನಾಲ್ಕಡಿಯಲ್ಲಿ ಕಲೆ ಕಾಣುವುದು ಇದರಿಂದಲೇ.

ಬಿಳಿ ಪುಡಿ ಎಂದರೆ ನೆಲದಿಂದಲೂ ಇಟ್ಟಿಗೆಯಿಂದಲೂ ನೀರಿನ ಜೊತೆ ಬಂದ ಉಪ್ಪು. ಗೋಡೆಯ ಮೈಮೇಲೆ ಕೂತರೆ ಗುಡಿಸಿ ಹಾಕಬಹುದು. ಬಣ್ಣದ ಹಿಂದೆ ಹರಳುಗಟ್ಟಿದರೆ ಪ್ಲಾಸ್ಟರನ್ನೇ ಒಡೆಯುತ್ತದೆ. ಇಂಥ ಉಪ್ಪುಗಳಲ್ಲೊಂದಾದ ಸೋಡಿಯಂ ಸಲ್ಫೇಟಿನ ಒಣ ಹರಳು ನೀರು ಹಿಡಿದಾಗ ಅದರ ಗಾತ್ರ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಒಂದೇ ಕೋಣೆ ಮಾತ್ರ ಸದಾ ಬೆವರುತ್ತಿದ್ದರೆ, ಹಿಂದೆ ಅಲ್ಲಿ ಕೊಟ್ಟಿಗೆ ಇತ್ತೇ ಎಂದು ವಿಚಾರಿಸಿ. ಗಂಜಲದಿಂದ ಹುಟ್ಟುವ ನೈಟ್ರೇಟ್ ಎಂಬ ಉಪ್ಪುಗಳಲ್ಲಿ ಕೆಲವು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತವೆ. ಇದೇ ಕುಲದ ಪೆಟ್ಲುಪ್ಪನ್ನು ಬಿಹಾರದ ಹಳ್ಳಿಗಳ ಮಣ್ಣಿನಿಂದ ತೆಗೆಸಿ ಈಸ್ಟ್ ಇಂಡಿಯಾ ಕಂಪನಿ ಮದ್ದುಗುಂಡಿಗಾಗಿ ಹಡಗು ಹಡಗು ಸಾಗಿಸಿತ್ತು.

ದುರಸ್ತಿಗೆ ಮೊದಲು ಪರೀಕ್ಷೆ. ಒಂದೂವರೆ ಅಡಿ ಚೌಕದ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಇದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಗಿನ ಮೈಯಲ್ಲಿದ್ದರೆ ಒಳಗಿನ ಗಾಳಿಯ ತೇವ, ಕಿಟಕಿ ತೆರೆದರೆ ಸಾಕು. ಕಲೆ ಸೂರಿನ ಹತ್ತಿರ ಇದ್ದರೆ ಒಡೆದ ಹೆಂಚನ್ನೋ ಪೈಪನ್ನೋ ಹುಡುಕಬೇಕು.

ಆಮೇಲೆ ಹೊರಗೆ ನೋಡಿ. ವರ್ಷಗಳಿಂದ ಮಣ್ಣು, ಕಾಂಕ್ರೀಟು ಏರಿ ಅಂಗಳ ಮನೆಯ ನೆಲಕ್ಕೆ ಸಮವಾಗಿದ್ದರೆ ಅರ್ಧ ಅಡಿ ಕೆಳಗಿಳಿಸಿ, ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಡಿ. ಇದನ್ನು ಬಿಟ್ಟು ಒಳಗೆ ಏನು ಮಾಡಿದರೂ ದಂಡ. ಒಳಗೆ ಕಲೆಯ ಗೆರೆಯಿಂದ ಒಂದಡಿ ಮೇಲಿನವರೆಗೂ ಸಿಮೆಂಟ್ ಪ್ಲಾಸ್ಟರ್ ಕೆತ್ತಿಸಿ. ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಂದಂಗುಲ ದಪ್ಪಕ್ಕೆ ಒಂದು ತಿಂಗಳು ಒಣಗಬೇಕೆಂಬುದು ರೂಢಿಯ ಲೆಕ್ಕ. ಒಂಬತ್ತಂಗುಲದ ಗೋಡೆಗೆ ಒಂಬತ್ತು ತಿಂಗಳು!

ಒಣಗಿದ ಮೇಲೆ ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು ಕಲಸಿ, ಪ್ರತಿ ಪದರ ಸುಮಾರು 10 ಮಿ.ಮೀ. ಮೀರದಂತೆ ಬಳಿಸಿ, ಕೆಲವು ದಿನ ನೀರು ಚಿಮುಕಿಸುತ್ತಿರಿ. ಬೇಗ ಹಿಡಿಯಲಿ ಎಂದು ಮೇಸ್ತ್ರಿ ಒಂದು ಬಾಂಡ್ಲಿ ಸಿಮೆಂಟು ಸುರಿಯಲು ಬಂದೇ ಬರುತ್ತಾರೆ. ಆ ಹೊತ್ತಿಗೆ ನೀವು ಅಲ್ಲಿರಬೇಕು. ಮೇಲೆ ಬರೀ ಸುಣ್ಣ, ತೆಳುವಾಗಿ, ಮೂರು ನಾಲ್ಕು ಸಲ. ದಪ್ಪಗೆ ಒಂದೇ ಸಲ ಹೊಡೆದರೆ ಚಕ್ಕೆ ಏಳುತ್ತದೆ.