ಬೈಕ್ ಹಾರ್ನಿಗೆ ರಿಲೇ ಹಾಕುವುದು: ವಯರಿಂಗ್ ಟಿಪ್ಪಣಿ

ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆಯ ಭೋಸರಿ, ಚಿಂಚವಾಡದಲ್ಲಿ ಕೆಲಸ ಕಲಿಯುತ್ತಿರುವ ನಮ್ಮ ಹುಡುಗರು ಕಡಿಮೆ ಖರ್ಚಲ್ಲಿ ಬೈಕಿಗೆ ಏನು ಮಾಡಬಹುದು ಅಂತ ಕೇಳಿದಾಗೆಲ್ಲ ನನ್ನ ಉತ್ತರ ಒಂದೇ: ಮೊದಲು ರಿಲೇ ಕಲಿಯಿರಿ. ಸ್ಟಿಕ್ಕರ್, ಗ್ರಿಪ್, ಕನ್ನಡಿ ಯಾವಾಗ ಬೇಕಾದರೂ ಬದಲಿಸಬಹುದು, ಅದರಲ್ಲಿ ಕಲಿಯುವುದು ಜಾಸ್ತಿ ಏನಿಲ್ಲ. ರಿಲೇ ಅರ್ಥವಾದರೆ ಹಾರ್ನ್, ಫಾಗ್ ಲೈಟ್, ಮೊಬೈಲ್ ಚಾರ್ಜರ್ ಮೂರನ್ನೂ ನೀವೇ ಹಾಕಿಕೊಳ್ಳಬಹುದು. ಪುಣೆಯಲ್ಲಿ ಹಾರ್ನ್, ರಿಲೇ, ಫ್ಯೂಸ್ ಎಲ್ಲಾ ನಾನಾ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ವಯರು, ಸ್ಲೀವ್, ಮಲ್ಟಿಮೀಟರ್ ಬೇಕಾದರೆ ಬುಧವಾರ ಪೇಟೆಯ ತಾಪಕೀರ ಗಲ್ಲಿಗೆ ಹೋಗಿ.

ರಿಲೇ ಯಾಕೆ ಬೇಕು? ಹೊಸ ಜೋಡಿ ಹಾರ್ನ್ ತಂದು ಹಳೆ ಹಾರ್ನಿನ ವಯರಿಗೇ ಸಿಕ್ಕಿಸಿದರೆ ಸದ್ದು ಅಂಗಡಿಯಲ್ಲಿ ಕೇಳಿದಷ್ಟು ಬರುವುದಿಲ್ಲ, ಅಲ್ವಾ? ಹಾರ್ನ್ ಕೆಟ್ಟಿರುವುದಿಲ್ಲ, ಅದಕ್ಕೆ ಸಾಕಷ್ಟು ವೋಲ್ಟೇಜ್ ತಲುಪಿರುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ಹಾರ್ನಿಗೆ 3 ಆಂಪ್ ಅಂದುಕೊಂಡರೆ ಎರಡಕ್ಕೆ 6 ಆಂಪ್. ಕಂಪನಿಯ ಸಣ್ಣ ವಯರು, ಹ್ಯಾಂಡಲ್ ಮೇಲಿನ ಸ್ವಿಚ್, ನಡುವೆ ವಯರು ಕೂಡಿಸುವ ಕಪ್ಲರ್‌ಗಳು ಎಲ್ಲಾ ಸೇರಿ 0.3 ಓಮ್ ರೆಸಿಸ್ಟೆನ್ಸ್ ಇದ್ದರೂ, 6 ಗುಣಿಸು 0.3, ಅಂದರೆ 1.8 ವೋಲ್ಟ್ ದಾರಿಯಲ್ಲೇ ಹೋಯಿತು. ಬ್ಯಾಟರಿಯಲ್ಲಿ 12 ಇದ್ದರೂ ಹಾರ್ನಿಗೆ ಸಿಗುವುದು ಸುಮಾರು 10. ಹೋದ ಆ ವೋಲ್ಟೇಜ್ ಸ್ವಿಚ್ಚಿನಲ್ಲಿ, ವಯರಿನಲ್ಲಿ ಬಿಸಿಯಾಗುತ್ತದೆ. ಸ್ವಿಚ್ಚಿನ ಒಳಗಿನ ತಾಮ್ರದ ಪಾಯಿಂಟ್ ಕಪ್ಪಾಗುತ್ತಾ ಬರುತ್ತದೆ, ರೆಸಿಸ್ಟೆನ್ಸ್ ಇನ್ನೂ ಏರುತ್ತದೆ.

ರಿಲೇ ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್. ಒಳಗೆ ಒಂದು ಕಾಯಿಲ್ ಇದೆ. ಅದಕ್ಕೆ ಸ್ವಲ್ಪ ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗಿ ಒಂದು ಪತ್ತಿಯನ್ನು ಎಳೆಯುತ್ತದೆ, ಆ ಪತ್ತಿ ದೊಡ್ಡ ಕರೆಂಟಿನ ದಾರಿಯನ್ನು ಕೂಡಿಸುತ್ತದೆ. ಕಾಯಿಲ್ ಎಳೆಯುವುದು ಹೆಚ್ಚುಕಮ್ಮಿ 0.15 ಆಂಪ್ ಅಷ್ಟೇ. ಹ್ಯಾಂಡಲ್ ಸ್ವಿಚ್ಚಿಗೆ ಈಗ ಅಷ್ಟೇ ಹೊರೆ. 6 ಆಂಪ್ ಬ್ಯಾಟರಿಯಿಂದ ದಪ್ಪ ವಯರಿನಲ್ಲಿ ನೇರ ಹಾರ್ನಿಗೆ ಹೋಗುತ್ತದೆ.

ನಾಲ್ಕು ಪಿನ್ನಿನ ರಿಲೇ ತಿರುಗಿಸಿ ನೋಡಿದರೆ 30, 85, 86, 87 ಅಂತ ನಂಬರ್ ಇರುತ್ತವೆ. ಯಾವ ಬ್ರ್ಯಾಂಡ್ ತಂದರೂ ಇವೇ ನಂಬರ್, ಹಾಗಾಗಿ ಬಾಯಿಪಾಠ ಮಾಡಿಕೊಳ್ಳಿ. 30 ಬ್ಯಾಟರಿ ಪ್ಲಸ್‌ಗೆ, ನಡುವೆ ಫ್ಯೂಸ್ ಇಟ್ಟು. 87 ಹೊಸ ಹಾರ್ನ್‌ಗಳ ಒಂದು ತುದಿಗೆ. ಹಾರ್ನಿನ ಇನ್ನೊಂದು ತುದಿ ಬೈಕಿನ ಚಾಸಿಗೆ (ಬ್ಯಾಟರಿ ಮೈನಸ್ ಸೇರುವ ಕಬ್ಬಿಣದ ಮೈ), ಅಂದರೆ ಅರ್ಥಿಂಗ್‌ಗೆ. 85 ಮತ್ತು 86 ಕಾಯಿಲ್‌ನ ಎರಡು ತುದಿ. ಇಲ್ಲಿ ಎಲ್ಲರಿಗೂ ಗೊಂದಲ ಆಗುತ್ತದೆ. ಕೆಲವು ಬೈಕಿನಲ್ಲಿ ಹಾರ್ನ್ ಸ್ವಿಚ್ ಪ್ಲಸ್ ಕಡೆ ಇರುತ್ತದೆ, ಕೆಲವದರಲ್ಲಿ ಮೈನಸ್ ಕಡೆ. ಅದನ್ನು ಹುಡುಕುತ್ತಾ ಕೂರಬೇಕಿಲ್ಲ. ಹಳೆ ಹಾರ್ನಿನಿಂದ ಬಿಚ್ಚಿದ ಎರಡೂ ವಯರುಗಳನ್ನು ಸುಮ್ನೆ 85ಕ್ಕೊಂದು, 86ಕ್ಕೊಂದು ಸಿಕ್ಕಿಸಿ. ಸ್ವಿಚ್ ಯಾವ ಕಡೆ ಇದ್ದರೂ, ಒತ್ತಿದಾಗ ಆ ಎರಡು ವಯರಿನ ನಡುವೆ 12 ವೋಲ್ಟ್ ಬಂದೇ ಬರುತ್ತದೆ. ಕಂಪನಿ ವಯರು ಕತ್ತರಿಸುವ ಕೆಲಸವೇ ಇಲ್ಲ, ನಾಳೆ ಬೇಡವಾದರೆ ಹಳೆಯದನ್ನೇ ಹಾಕಬಹುದು. ಒಂದೇ ಎಚ್ಚರ: ರಿಲೇ ಮೇಲಿನ ಚಿತ್ರದಲ್ಲಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಗುರುತು, ಅಂದರೆ ಬಾಣದ ತುದಿಗೆ ಅಡ್ಡ ಗೀಟು ಇದ್ದರೆ ಪ್ಲಸ್ 86ಕ್ಕೆ, ಮೈನಸ್ 85ಕ್ಕೇ ಹೋಗಬೇಕು. ಮಲ್ಟಿಮೀಟರಿನಲ್ಲಿ ನೋಡಿ ಹಾಕಿ.

ಫ್ಯೂಸ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಕಾಯುವುದು ಹಾರ್ನನ್ನಲ್ಲ, ವಯರನ್ನು. ಅದಕ್ಕೇ ಅದು ಬ್ಯಾಟರಿಗೆ ಆದಷ್ಟು ಹತ್ತಿರ ಇರಬೇಕು. ಫ್ಯೂಸಿಗೂ ಬ್ಯಾಟರಿಗೂ ನಡುವೆ ವಯರು ಸವೆದು ಚಾಸಿಗೆ ತಾಗಿದರೆ ಅದನ್ನು ತಡೆಯುವವರು ಯಾರೂ ಇಲ್ಲ, ಪೆಟ್ರೋಲ್ ಟ್ಯಾಂಕಿನ ಕೆಳಗೇ ಬೆಂಕಿ. 6 ಆಂಪ್ ಹೊರೆಗೆ 10 ಆಂಪ್ ಫ್ಯೂಸ್ ಸಾಕು. ಬ್ಲೇಡ್ ಫ್ಯೂಸಿನಲ್ಲಿ 10 ಅಂದರೆ ಕೆಂಪು, 15 ನೀಲಿ, 20 ಹಳದಿ. ಪದೇ ಪದೇ ಸುಡುತ್ತಿದೆ ಅಂತ ದೊಡ್ಡದು ಹಾಕುವುದು ಪರಿಹಾರ ಅಲ್ಲ, ಎಲ್ಲಿ ಶಾರ್ಟ್ ಆಗುತ್ತಿದೆ ಅಂತ ಹುಡುಕಬೇಕು.

ವಯರು 1.5 ಚದರ ಎಂಎಂ, ಎಳೆ ಎಳೆ ಇರುವ ಆಟೋ ವಯರೇ ಬೇಕು. ಮನೆ ವಯರಿಂಗಿನಲ್ಲಿ ಉಳಿದ ಒಂಟಿ ಕಡ್ಡಿಯ ವಯರು ಬೈಕಿನ ನಡುಕಕ್ಕೆ ಮುರಿಯುತ್ತದೆ. ಕೆಲಸ ಶುರು ಮಾಡುವಾಗ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪ್ಲಸ್ ಬಿಚ್ಚುವಾಗ ಪಾನಾ (ಸ್ಪ್ಯಾನರ್) ಚಾಸಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಅರ್ಥಿಂಗ್ ಕೊಡುವ ಬೋಲ್ಟಿನ ಕೆಳಗೆ ಬಣ್ಣ ಕೆರೆದು, ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಹಚ್ಚಿ. ಜೂನ್‌ನಿಂದ ಸಹ್ಯಾದ್ರಿಯ ಮಳೆಯಲ್ಲಿ ಓಡಾಡುವ ಬೈಕು ಇದು, ಹಾಗಾಗಿ ರಿಲೇಯ ಪಿನ್‌ಗಳು ಕೆಳಮುಖವಾಗಿರಲಿ, ವಯರು ಕೆಳಗಿನಿಂದ ಮೇಲೆ ಬಂದು ಸೇರಲಿ, ಆಗ ನೀರು ವಯರಿನ ಗುಂಟ ಇಳಿದು ಒಳಗೆ ಹೋಗುವುದಿಲ್ಲ. ಟೇಪಿನ ಗೋಂದು ಬಿಸಿಲಿಗೆ ಕರಗಿ ಬಿಚ್ಚಿಕೊಳ್ಳುತ್ತದೆ, ಬಿಸಿ ಮಾಡಿದರೆ ಕುಗ್ಗಿ ವಯರನ್ನು ಹಿಡಿಯುವ ಹೀಟ್ ಸ್ಲೀವ್ ಹಾಕಿ.

ಕಾನೂನಿನ ಮಾತು. ಕೇಂದ್ರ ಮೋಟಾರು ವಾಹನ ನಿಯಮ 119ರ ಪ್ರಕಾರ ಒಂದಾದ ಮೇಲೊಂದು ಸ್ವರ ಬರುವ ಹಾರ್ನ್, ಕಿವಿಗೆ ಬಡಿಯುವ ಕರ್ಕಶ ಹಾರ್ನ್ ಹಾಕುವಂತಿಲ್ಲ. ಜೋಡಿ ಹಾರ್ನ್ ತರುವಾಗ ಎರಡೂ ಒಟ್ಟಿಗೆ ಕೂಗುವ ಸಾಮಾನ್ಯ ಬಗೆಯದನ್ನೇ ತನ್ನಿ. ಸೈಲೆನ್ಸರ್ ಬದಲಿಸುವ ಆಸೆಯನ್ನಂತೂ ಬಿಟ್ಟುಬಿಡಿ.

ಫಾಗ್ ಲೈಟಿಗೂ ಇದೇ ವಯರಿಂಗ್, ಆದರೆ ಕಾಯಿಲ್‌ಗೆ ಬೇರೆ ಸ್ವಿಚ್ ಬೇಕು, ಆ ಸ್ವಿಚ್ಚಿಗೆ ಪ್ಲಸ್ಸನ್ನು ಇಗ್ನಿಷನ್ ಆನ್ ಆದಾಗ ಮಾತ್ರ ಬರುವ ವಯರಿನಿಂದ ಕೊಡಿ. 20 ವ್ಯಾಟಿನ ಎರಡು ಲೈಟ್ ಅಂದರೆ 40 ಭಾಗಿಸು 12, ಸುಮಾರು 3.3 ಆಂಪ್. ಹಾರ್ನ್ ಕ್ಷಣ ಹೊತ್ತು ಕೂಗಿ ನಿಲ್ಲುತ್ತದೆ, ಲೈಟು ಗಂಟೆಗಟ್ಟಲೆ ಉರಿಯುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ನಿಧಾನಕ್ಕೆ ತಿರುಗುವಾಗ ಚಾರ್ಜಿಂಗ್ ಕಡಿಮೆ, ಬ್ಯಾಟರಿ ಖಾಲಿಯಾಗುತ್ತಾ ಹೋಗುತ್ತದೆ. ಕಾತ್ರಜ್ ಘಾಟಿನಲ್ಲಿ ಎದುರಿನವರ ಕಣ್ಣಿಗೆ ಬಡಿಯದಂತೆ ಕೆಳಕ್ಕೆ ಬಾಗಿಸಿ ಕೂರಿಸಿ.

ಮೊಬೈಲ್ ಚಾರ್ಜರನ್ನೂ ಬ್ಯಾಟರಿಗೆ ನೇರ ಕೊಡಬೇಡಿ, ಇಗ್ನಿಷನ್ ಆನ್ ಆದಾಗ ಮಾತ್ರ ಬರುವ ವಯರಿನಿಂದಲೇ ಕೊಡಿ. ಫೋನ್ ಇಲ್ಲದಿದ್ದರೂ ಅದು 10 ಮಿಲಿ ಆಂಪ್ ಎಳೆಯುತ್ತಿದ್ದರೆ ದಿನಕ್ಕೆ 0.24 ಆಂಪ್ ಅವರ್ ಆಯಿತು. ಹಬ್ಬಕ್ಕೆ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದರೆ 2.4. ಸಣ್ಣ ಬೈಕಿನ ಬ್ಯಾಟರಿ ಇರುವುದೇ 2.5, 3 ಆಂಪ್ ಅವರ್.

ಎಲ್ಲಾ ಜೋಡಿಸಿದ ಮೇಲೆ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಎಲ್ಲಿಯೂ ವಯರು ಎಳೆಯಬಾರದು. ಆಮೇಲೆ ಹಾರ್ನ್ ಒತ್ತಿ ಹಿಡಿದು ಅದರ ಎರಡು ಪಿನ್‌ಗಳ ಮೇಲೆ ಮೀಟರ್ ಇಡಿ, ಬ್ಯಾಟರಿ ಮೇಲೂ ಹಾಗೇ ನೋಡಿ. ಎರಡಕ್ಕೂ ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅರ್ಥಿಂಗ್ ಬೋಲ್ಟ್ ಬಿಚ್ಚಿ ಮತ್ತೆ ಕೆರೆಯಿರಿ, ವಯರಿನ ತುದಿಯ ಲಗ್‌ಗಳನ್ನು ಒಂದೊಂದೇ ಎಳೆದು ನೋಡಿ.