ನಾಳೆಯ ಪಟ್ಟಿ ಯಾರು ಮಾಡುತ್ತಾರೆ?

ಕಾಲೇಜಿನಲ್ಲಿ ರೇಡಿಯೋ ಶುರು ಮಾಡುವವರು ನನಗೆ ಫೋನ್ ಮಾಡಿದಾಗ ಕೇಳುವ ಮೊದಲ ಪ್ರಶ್ನೆ ಒಂದೇ. "ಮೇಡಂ, ಯಾವ ಆಟೊಮೇಷನ್ ಸಾಫ್ಟ್‌ವೇರ್ ಹಾಕಿಸೋಣ?" ನಾನು ವಾಪಸ್ ಕೇಳುವುದೂ ಒಂದೇ. "ನಾಳೆ ಏನು ಪ್ರಸಾರ ಆಗಬೇಕು ಅಂತ ನಿಮ್ಮಲ್ಲಿ ಯಾರು ಕೂತು ಪಟ್ಟಿ ಮಾಡ್ತಾರೆ?" ಅದಕ್ಕೆ ಬರುವ ಉತ್ತರ: "ಅದಕ್ಕೇ ಅಲ್ವಾ ಮೇಡಂ ಸಾಫ್ಟ್‌ವೇರ್ ತಗೊಳ್ತಿರೋದು?"

ಅಲ್ಲ. ಬೆಂಗಳೂರಿನ ಎಷ್ಟೋ ಕಾಲೇಜುಗಳ ಸ್ಟುಡಿಯೋದಲ್ಲಿ ಕೂತು ಇದನ್ನೇ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ಆಟೊಮೇಷನ್ ಎಂದರೆ ಪ್ರಸಾರವನ್ನು ಕಂಪ್ಯೂಟರ್ ತಾನಾಗಿ ನಡೆಸುವುದು. ಅದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಪಟ್ಟಿಯಲ್ಲಿ ಇರುವುದನ್ನು ಸರಿಯಾದ ಹೊತ್ತಿಗೆ ಪ್ಲೇ ಮಾಡುವುದು ಒಂದು. ಆ ಪಟ್ಟಿ ತಯಾರು ಮಾಡುವುದು ಇನ್ನೊಂದು. ಮೊದಲನೆಯದನ್ನು ಇವತ್ತು ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಕೂಡ ಅಚ್ಚುಕಟ್ಟಾಗಿ ಮಾಡುತ್ತದೆ. ಎರಡನೆಯದಕ್ಕೆ ಅದು ನಿಮ್ಮನ್ನೇ ನಂಬಿಕೊಂಡಿರುತ್ತದೆ. ತಾನೇ ಪಟ್ಟಿ ಮಾಡುತ್ತದೆ ಎಂದು ಮಾರುವವರು ಹೇಳುವುದು ಸುಳ್ಳಲ್ಲ, ಆದರೆ ಅದು ಮಾಡುವುದು ನೀವು ಬರೆದುಕೊಟ್ಟ ನಿಯಮದ ಪ್ರಕಾರ. ಆ ನಿಯಮ ನೋಡುವುದು ಪ್ರತಿ ಫೈಲಿಗೂ ಅಂಟಿಸಿದ ವಿವರವನ್ನು, ಅಂದರೆ ಹಾಡಿದವರು, ಸಿನಿಮಾ, ಬಗೆ, ಭಾಷೆ, ಎಷ್ಟು ನಿಮಿಷ ಇತ್ಯಾದಿ. ಆ ವಿವರವನ್ನು ಒಬ್ಬ ಮನುಷ್ಯ ಕೂತು ಟೈಪ್ ಮಾಡಬೇಕು. ಮದುವೆಗೆ ಒಳ್ಳೆಯ ಅಡುಗೆಯವರನ್ನು ಗೊತ್ತುಮಾಡಿ, ದಿನಸಿ ತರಲು ಯಾರಿಗೂ ಹೇಳದೆ ಬಿಟ್ಟರೆ ಏನಾಗುತ್ತದೋ ಇಲ್ಲಿ ಆಗುವುದೂ ಅದೇ.

ಇದು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ, ಹಾಗಾಗಿ ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ.

ಹೆಚ್ಚುಕಡಿಮೆ ಎಲ್ಲ ಆಟೊಮೇಷನ್‌ಗಳಲ್ಲೂ ಒಂದು ನಿಯಮ ಇರುತ್ತದೆ: ಒಬ್ಬ ಗಾಯಕರ ಹಾಡು ಬಂದ ಮೇಲೆ ಇಷ್ಟು ಹೊತ್ತು ಅವರ ಇನ್ನೊಂದು ಹಾಡು ಬರಬಾರದು. ಕೇಳಲು ಸರಿಯಾಗಿಯೇ ಇದೆ. ಹೊರದೇಶದ ಪಾಪ್ ಸಂಗೀತದ ಲೈಬ್ರರಿಗೆ ಒಂದು ಗಂಟೆ ಎಂದು ಹಾಕಿದರೆ ನಡೆಯುತ್ತದೆ. ನಮ್ಮ ಕನ್ನಡ ಸಿನಿಮಾ ಹಾಡುಗಳಿಗೆ ಹಾಕಿ ನೋಡಿ! ಎಂಬತ್ತರ, ತೊಂಬತ್ತರ ದಶಕದ ಹಾಡು ತುಂಬಿಸಿದ ಯಾವ ಫೋಲ್ಡರ್ ತೆಗೆದರೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಇದ್ದಾರೆ, ಎಸ್. ಜಾನಕಿ ಇದ್ದಾರೆ. ಅವರಿಬ್ಬರೂ ಸೇರಿ ಹಾಡಿರುವುದು ಬೇರೆ. ಒಂದು ಗಂಟೆಯ ನಿಯಮ ಹಾಕಿದರೆ ಸಾಫ್ಟ್‌ವೇರ್‌ಗೆ ಅರ್ಧ ಲೈಬ್ರರಿ ಮುಟ್ಟಲು ಆಗುವುದಿಲ್ಲ. ಆಗ ಒಂದೊಂದು ಸಾಫ್ಟ್‌ವೇರ್ ಒಂದೊಂದು ರೀತಿ ಮಾಡುತ್ತದೆ. ಕೆಲವು ನಿಯಮ ಮುರಿದು ಮುಂದೆ ಹೋಗುತ್ತವೆ. ಕೆಲವು ಆ ಜಾಗವನ್ನು ಖಾಲಿ ಬಿಡುತ್ತವೆ. ಇನ್ನು ಕೆಲವು, ನಿಯಮಕ್ಕೆ ಹೊಂದುವ ಅದೇ ಹತ್ತಿಪ್ಪತ್ತು ಹಾಡುಗಳನ್ನು ಮತ್ತೆ ಮತ್ತೆ ತಿರುಗಿಸುತ್ತವೆ. ಆಮೇಲೆ "ಸಾಫ್ಟ್‌ವೇರ್ ಸರಿಯಿಲ್ಲ, ಬರೀ ಹಾಕಿದ್ದೇ ಹಾಕುತ್ತೆ" ಎಂದು ನನಗೆ ಫೋನ್ ಬರುತ್ತದೆ.

ಇದರ ಉಲ್ಟಾನೂ ಆಗುತ್ತದೆ. ಒಬ್ಬ ಹುಡುಗ 'ಎಸ್ಪಿಬಿ' ಎಂದು ಹಾಕಿದ್ದಾನೆ, ಇನ್ನೊಬ್ಬಳು ಪೂರ್ತಿ ಹೆಸರು ಹಾಕಿದ್ದಾಳೆ, ಮತ್ತೊಬ್ಬ ಪ್ರೀತಿಯಿಂದ 'ಬಾಲು ಸರ್' ಎಂದು ಬರೆದಿದ್ದಾನೆ. ಸಾಫ್ಟ್‌ವೇರ್ ಲೆಕ್ಕದಲ್ಲಿ ಅವರು ಮೂರು ಜನ. ಒಂದರ ಹಿಂದೆ ಒಂದು ಮೂರು ಹಾಡೂ ಅವರದೇ ಬರುತ್ತವೆ, ನಿಯಮ ಎಲ್ಲೂ ಮುರಿದಿಲ್ಲ. ಒಂದು ಕಾಲೇಜಿನಲ್ಲಿ ವಿವರವನ್ನೆಲ್ಲ 'ನುಡಿ' ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿಸಿದ್ದರು. ಪಾಪ, ಆ ಮಕ್ಕಳು ರಜೆಯಲ್ಲೂ ಬಂದು ಕೂತು ಮಾಡಿದ ಕೆಲಸ. ಸಾಫ್ಟ್‌ವೇರ್ ಒಳಗೆ ತೆರೆದರೆ ಒಂದು ಸಾಲೂ ಓದಲು ಬರುವುದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪರಿವರ್ತಕ ಬಳಸಿ ಬಹುಪಾಲು ಸರಿಮಾಡಿದೆವು, ಒತ್ತಕ್ಷರಗಳನ್ನು ಮಾತ್ರ ಕೈಯಲ್ಲೇ ತಿದ್ದಬೇಕಾಯಿತು.

ಭಾವಗೀತೆಗೆ ಬಂದರೆ ಇನ್ನೂ ಸೂಕ್ಷ್ಮ. ಬೇಂದ್ರೆಯವರ ಕವಿತೆ, ಸಿ. ಅಶ್ವತ್ಥ್ ಅವರ ಸಂಗೀತ, ಹಾಡಿದವರು ಇನ್ಯಾರೋ. ಕೇಳುಗರಿಗೆ ಮುಖ್ಯ ಯಾರು? ಬೇಂದ್ರೆ ದಿನದಂದು ಕಾರ್ಯಕ್ರಮ ಮಾಡುವಾಗ ಕವಿಯ ಹೆಸರಲ್ಲಿ ಹುಡುಕಬೇಕು, ದಿನನಿತ್ಯದ ಪ್ರಸಾರದಲ್ಲಿ ಗಾಯಕರನ್ನು ನೋಡಬೇಕು. ಸಿನಿಮಾ ಹಾಡಿನಲ್ಲಿ ಜನ ಕೇಳುವುದು 'ರಾಜ್‌ಕುಮಾರ್ ಹಾಡು' ಎಂದು, ಹಾಡಿರುವುದು ಪಿ.ಬಿ. ಶ್ರೀನಿವಾಸ್ ಇರಬಹುದು. ಇದನ್ನು ನಿಮ್ಮ ಕನ್ನಡ ವಿಭಾಗದ ಯಾರಾದರೂ ಒಬ್ಬರು ಕೂತು ಮೊದಲೇ ತೀರ್ಮಾನಿಸಿ, ಒಂದು ಹಾಳೆಯಲ್ಲಿ ಬರೆದು ಸ್ಟುಡಿಯೋ ಗೋಡೆಗೆ ಅಂಟಿಸಬೇಕು. ಯಾವ ಹೆಸರನ್ನು ಹೇಗೆ ಬರೆಯಬೇಕು, ಕವಿಯ ಹೆಸರು ಯಾವ ಕಾಲಮ್ಮಿಗೆ ಹೋಗಬೇಕು, ಇಷ್ಟೇ. ಈ ಹಾಳೆ ಇರುವ ಕಾಲೇಜಿಗೆ ನಾನು ಯಾವ ಸಾಫ್ಟ್‌ವೇರ್ ಹಾಕಿಕೊಟ್ಟರೂ ಚೆನ್ನಾಗಿ ನಡೆಯುತ್ತದೆ.

ಪ್ರಕಟಣೆಗಳ ವಿಷಯವೂ ಹೀಗೇ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಒಂದು ಪ್ರಕಟಣೆ ಯಾವತ್ತಿನಿಂದ ಯಾವತ್ತಿನವರೆಗೆ ಬರಬೇಕು ಎಂದು ತಾರೀಖು ಹಾಕಲು ಜಾಗ ಇರುತ್ತದೆ. ಯಾರೂ ಹಾಕುವುದಿಲ್ಲ. ದಸರಾ ರಜೆಯಲ್ಲಿ ಒಂದು ಕಾಲೇಜಿನ ರೇಡಿಯೋ, "ಪರೀಕ್ಷಾ ಶುಲ್ಕ ಕಟ್ಟಲು ನಾಳೆ ಕೊನೆಯ ದಿನ" ಎಂದು ದಿನಾ ಹೇಳುತ್ತಲೇ ಇತ್ತು. ಕೊನೆಯ ದಿನ ಮುಗಿದು ಎಷ್ಟೋ ಕಾಲ ಆಗಿತ್ತು. ಪಕ್ಕದ ಬೀದಿಯ ಒಬ್ಬ ತಾಯಿ ಗಾಬರಿಯಾಗಿ ಮಗಳ ಶುಲ್ಕ ಕಟ್ಟಲು ಹಣ ಹೊಂದಿಸಿಕೊಂಡು ಕಾಲೇಜಿಗೆ ಬಂದರೆ ಗೇಟಿಗೆ ಬೀಗ. ವಾಚ್‌ಮನ್ ಸಮಾಧಾನ ಹೇಳಿ ಕಳಿಸಿದರಂತೆ. ಜನ ನಿಮ್ಮ ರೇಡಿಯೋ ಹೇಳಿದ್ದನ್ನು ನಂಬುತ್ತಾರೆ, ಅದಕ್ಕೇ ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಇನ್ನು ಇಪ್ಪತ್ನಾಲ್ಕು ಗಂಟೆಯ ಆಸೆ. ಇದು ಎಲ್ಲಿಂದ ಬಂತೋ, ಬಹುಶಃ ಖಾಸಗಿ ಎಫ್‌ಎಂ ನೋಡಿ ಇರಬೇಕು. ಆಕಾಶವಾಣಿ ದಶಕಗಳ ಕಾಲ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಪ್ರಸಾರ ಮಾಡಿ ನಡುವೆ ನಿಲ್ಲಿಸುತ್ತಿತ್ತು. ಪ್ರದೇಶ ಸಮಾಚಾರದ ಹೊತ್ತಿಗೆ ಜನ ತಾವಾಗಿ ರೇಡಿಯೋ ಹಚ್ಚುತ್ತಿದ್ದರು. ನಿಮ್ಮ ಕಾಲೇಜಿನಲ್ಲಿ ದಿನಕ್ಕೆ ಎರಡು ಗಂಟೆಯ ಹೊಸ ಕಾರ್ಯಕ್ರಮ ಮಾಡುವ ಶಕ್ತಿ ಇದ್ದರೆ, ಬೆಳಗ್ಗೆ ಎರಡು, ಸಂಜೆ ಅದರದೇ ಮರುಪ್ರಸಾರ ಎರಡು, ಒಟ್ಟು ನಾಲ್ಕು ಗಂಟೆ ನಡೆಸಿ. ಉಳಿದ ಹೊತ್ತು ನಿಲ್ಲಿಸಿದರೂ ತೊಂದರೆಯಿಲ್ಲ, ನಿಮ್ಮ ಅನುಮತಿ ಪತ್ರದಲ್ಲಿ ಬೇರೆ ಷರತ್ತು ಇಲ್ಲ ಎನ್ನುವುದನ್ನು ಮಾತ್ರ ನೋಡಿಕೊಳ್ಳಿ. ಕಾಲೇಜು ರೇಡಿಯೋ ಸೇರುವುದು ಸಮುದಾಯ ಬಾನುಲಿಗೆ, ಅಂದರೆ ಕಮ್ಯುನಿಟಿ ರೇಡಿಯೋಗೆ. ಅದರಲ್ಲಿ ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯ ಜನರನ್ನು ಸೇರಿಸಿಕೊಂಡು ತಯಾರಾಗಬೇಕು ಎಂದು ನಿಯಮವೇ ಇದೆ. 24 ಗಂಟೆ ತುಂಬಿಸಲು ಹೋದವರು ಈ ಅರ್ಧವನ್ನು ಎಲ್ಲಿಂದ ತರುತ್ತಾರೆ?

ಮಾತಿನ ಕಾರ್ಯಕ್ರಮ ಜಾಸ್ತಿ ಇದ್ದರೆ ಸಾಫ್ಟ್‌ವೇರ್ ಆಯ್ಕೆಯೂ ಬದಲಾಗುತ್ತದೆ. ತರಕಾರಿ ಮಾರುವ ಅಮ್ಮನ ಸಂದರ್ಶನ 23 ನಿಮಿಷಕ್ಕೆ ಮುಗಿಯುತ್ತದೆ, ಸ್ಲಾಟ್ ಇರುವುದು ಅರ್ಧ ಗಂಟೆ. ಉಳಿದ ಏಳು ನಿಮಿಷಕ್ಕೆ ಏನು? ಮುಂದಿನ ಕಾರ್ಯಕ್ರಮ ಗಂಟೆಗೆ ಸರಿಯಾಗಿ ಶುರುವಾಗಲೇಬೇಕೋ, ಹಿಂದಿನದು ಮುಗಿದ ಮೇಲೆ ಶುರುವಾದರೆ ಸಾಕೋ? ಈ ಎರಡರಲ್ಲಿ ಯಾವುದು ಬೇಕು ಎಂದು ಪ್ರತಿ ಸ್ಲಾಟಿಗೂ ಹೇಳಲು ಬರುವ ಸಾಫ್ಟ್‌ವೇರ್ ನಿಮಗೆ ಬೇಕು. ಇದನ್ನು ಸರಿಯಾಗಿ ಹೊಂದಿಸದ ಕಡೆ ಸಂದರ್ಶನದ ಕೊನೆಯ ಮಾತು ಅರ್ಧಕ್ಕೆ ಕತ್ತರಿಸಿ ಹಾಡು ಶುರುವಾಗುತ್ತದೆ. ಆ ಅಮ್ಮ ಮನೆಯವರನ್ನೆಲ್ಲ ಕೂರಿಸಿಕೊಂಡು ಕೇಳುತ್ತಿರುತ್ತಾರೆ, ಅಲ್ವಾ?

ಸರಿ, ಹೆಸರುಗಳಿಗೆ ಬರೋಣ. ಪಾಠದ ಮಧ್ಯೆ ಬಿಡುವಾದಾಗ ಬಂದು ನೋಡುವ ಒಬ್ಬರೇ ಲೆಕ್ಚರರ್ ಇದ್ದರೆ ನಾನು ಹೇಳುವುದು ಝಾರಾರೇಡಿಯೋ. ಹಳೆಯದು, ವಿಂಡೋಸ್ ಮೇಲೆ ಓಡುತ್ತದೆ, ಪುಕ್ಕಟೆ. ಫೋಲ್ಡರ್ ತೋರಿಸಿ, ಇಷ್ಟು ಗಂಟೆಗೆ ಇದು ಎಂದು ಇವೆಂಟ್ ಹಾಕಿದರೆ ಮುಗಿಯಿತು. ದೊಡ್ಡ ನಿಯಮಗಳೇನೂ ಇಲ್ಲ, ಹಾಗಾಗಿ ತಪ್ಪಾಗುವ ಜಾಗವೂ ಕಡಿಮೆ. ದಿನಕ್ಕೆ ಒಂದೆರಡು ಗಂಟೆ ಲೈಬ್ರರಿ ನೋಡಿಕೊಳ್ಳುವವರು ಒಬ್ಬರು ಖಾಯಂ ಇದ್ದರೆ ರೇಡಿಯೋಡಿಜೆ ಒಳ್ಳೆಯದು. ಅದೂ ಪುಕ್ಕಟೆ, ವಿಂಡೋಸ್, ಆದರೆ ಹಿಂದೆ ಒಂದು ಡೇಟಾಬೇಸ್ ಇರುತ್ತದೆ, ಮೇಲೆ ಹೇಳಿದ ವಿವರದ ಕೆಲಸವೆಲ್ಲ ಇಲ್ಲಿ ಬೇಕಾಗುತ್ತದೆ. ವಿದ್ಯಾರ್ಥಿಗಳು ಮನೆಯಿಂದ, ಪಿಜಿಯಿಂದ ಕಾರ್ಯಕ್ರಮ ಕಳಿಸಬೇಕು ಎಂದಿದ್ದರೆ ಲಿಬ್ರೆಟೈಮ್ ನೋಡಿ. ಬ್ರೌಸರ್‌ನಲ್ಲೇ ಕ್ಯಾಲೆಂಡರ್ ತುಂಬಿಸಬಹುದು. ಕ್ಯಾಲೆಂಡರ್‌ನಲ್ಲಿ ಖಾಲಿ ಬಿಟ್ಟ ಹೊತ್ತಿನಲ್ಲಿ ಮಾತ್ರ ಪ್ರಸಾರವೂ ಖಾಲಿ, ಅದನ್ನು ಮೊದಲೇ ತಿಳಿದಿರಿ. ರಿವೆಂಡೆಲ್ ನನಗೆ ತುಂಬ ಇಷ್ಟ, ಗಟ್ಟಿ ಸಾಫ್ಟ್‌ವೇರ್, ಮುಕ್ತ ತಂತ್ರಾಂಶ. ಆದರೆ ಲಿನಕ್ಸ್ ಬಲ್ಲ ಒಬ್ಬರು ಸಂಬಳದ ಮೇಲೆ ಇಲ್ಲದ ಕಡೆ ಹಾಕಬೇಡಿ ಎನ್ನುತ್ತೇನೆ. ಅದರಲ್ಲಿ ಪ್ರತಿ ದಿನಕ್ಕೂ ಲಾಗ್, ಅಂದರೆ ಆ ದಿನದ ಪಟ್ಟಿ, ತಯಾರಾಗಬೇಕು. ತಾನಾಗಿ ತಯಾರಾಗುವ ಹಾಗೆ ಹೊಂದಿಸಬಹುದು, ಹೊಂದಿಸಿದವನು ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕೆಲಸ ಸಿಕ್ಕಿ ಹೋದ ಮೇಲೆ ಅದು ನಿಂತರೆ ಯಾರಿಗೂ ಯಾಕೆ ಅಂತ ಗೊತ್ತಾಗುವುದಿಲ್ಲ. ದುಡ್ಡು ಕೊಟ್ಟು ತೆಗೆದುಕೊಳ್ಳುವುದೂ ತಪ್ಪಲ್ಲ, ನೀವು ಕೊಳ್ಳುವುದು ಫೋನ್ ಎತ್ತುವ ಜನರನ್ನು ಎಂದು ತಿಳಿದು ಕೊಳ್ಳಿ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಪರಿಶೀಲನೆ ಬರುತ್ತದೆ ಎಂದು ಅವಸರದಲ್ಲಿ ಎಲ್ಲಕ್ಕಿಂತ ದುಬಾರಿಯದಕ್ಕೆ ಆರ್ಡರ್ ಕೊಡಬೇಡಿ.

ಎಷ್ಟೇ ಒಳ್ಳೆಯ ತಂಡವಿದ್ದರೂ ಕಾಲೇಜಿನಲ್ಲಿ ಅದು ಖಾಲಿಯಾಗುತ್ತದೆ. ಕೊನೆಯ ವರ್ಷದವರು ಹೋಗುತ್ತಾರೆ, ಹೊಸಬರು ಬರುತ್ತಾರೆ. ಹಾಗಾಗಿ ನಾನು ಪರೀಕ್ಷೆ ಮಾಡುವುದು ಹೀಗೆ: ರೇಡಿಯೋ ಕೋಣೆಗೆ ಯಾವತ್ತೂ ಬರದ ಒಬ್ಬ ಮೊದಲ ವರ್ಷದ ವಿದ್ಯಾರ್ಥಿಯನ್ನು ಕೂರಿಸಿ, ಒಂದು ಪುಟದ ಸೂಚನೆ ಕೈಗೆ ಕೊಟ್ಟು, ನಾಳೆಯ ಪಟ್ಟಿ ಮಾಡಲು ಹೇಳುತ್ತೇನೆ. ಡೆಮೋ ಕೊಡಲು ಬಂದವರು ಮೌಸ್ ಮುಟ್ಟುವ ಹಾಗಿಲ್ಲ. ಆಮೇಲೆ ಕಂಪ್ಯೂಟರಿನ ಪ್ಲಗ್ ಕಿತ್ತು ಮತ್ತೆ ಹಾಕುತ್ತೇನೆ. ಕರೆಂಟ್ ಬಂದ ಮೇಲೆ ಯಾರೂ ಮುಟ್ಟದೆ ಪ್ರಸಾರ ಶುರುವಾಗಬೇಕು. ಯುಪಿಎಸ್ ಇದೆಯಲ್ಲ ಎನ್ನುತ್ತಾರೆ. ಅದರ ಬ್ಯಾಟರಿ ಕೊನೆಗೆ ಯಾವಾಗ ಬದಲಾಯಿಸಿದ್ದು ಎಂದು ಕೇಳಿದರೆ ಅಟೆಂಡರ್ ಅಣ್ಣನಿಗೆ ಮಾತ್ರ ಗೊತ್ತಿರುತ್ತದೆ. ಆ ಅಣ್ಣನಿಗೂ ಸಿಸ್ಟಮ್ ಆನ್ ಮಾಡಿ ಪ್ರಸಾರ ಶುರು ಮಾಡುವುದನ್ನು ಹೇಳಿಕೊಡಿ. ಬೆಳಗ್ಗೆ ಬೀಗ ತೆಗೆಯುವವರು ಅವರೇ.

ಕಂಪ್ಯೂಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲ್ಯಾಬಿನಿಂದ ಎತ್ತಿಕೊಂಡು ಬಂದಿದ್ದರೆ, ಪ್ರತಿ ಸಲ ರೀಸ್ಟಾರ್ಟ್ ಆದಾಗ ಎಲ್ಲ ಅಳಿಸಿ ಹಳೆಯ ಸ್ಥಿತಿಗೆ ತರುವ ಸಾಫ್ಟ್‌ವೇರ್ ಅದರಲ್ಲಿ ಇದೆಯಾ ಎಂದು ಮೊದಲು ನೋಡಿ, ಇದ್ದರೆ ತೆಗೆಸಿ. ಪ್ರಸಾರಕ್ಕೆ ಬೇರೆಯದೇ ಸೌಂಡ್ ಕಾರ್ಡ್ ಹಾಕಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ. ಇಲ್ಲದಿದ್ದರೆ ವಿಂಡೋಸ್‌ನ ಟಣ್ ಎನ್ನುವ ಸದ್ದು ಕೂಡ ಊರಿಗೆಲ್ಲ ಕೇಳುತ್ತದೆ.

ನಿಶ್ಶಬ್ದ ಪತ್ತೆಹಚ್ಚುವ ವ್ಯವಸ್ಥೆ ಬೇಕೇ ಬೇಕು. ಇಷ್ಟು ಸೆಕೆಂಡು ಸದ್ದಿಲ್ಲದಿದ್ದರೆ ಬೇರೊಂದು ಪ್ಲೇಯರ್‌ನಿಂದ ಏನಾದರೂ ಶುರುವಾಗಬೇಕು. ಅದನ್ನು ಐದು ಸೆಕೆಂಡಿಗೆ ಇಟ್ಟರೆ ನಾಟಕದ ನಡುವಿನ ಮೌನಕ್ಕೂ ಹಾಡು ಬಂದುಬಿಡುತ್ತದೆ. ನಾನು 20ರಿಂದ 30 ಸೆಕೆಂಡಿನಲ್ಲಿ ಶುರು ಮಾಡಿ, ಆ ಸ್ಟೇಷನ್ನಿನ ಕಾರ್ಯಕ್ರಮ ಕೇಳಿ ಹೊಂದಿಸುತ್ತೇನೆ.

ರೆಕಾರ್ಡಿಂಗ್ ವಿಷಯದಲ್ಲೂ ಒಂದು ಗೊಂದಲ ಇದೆ. ಪ್ರಸಾರವಾದದ್ದನ್ನೆಲ್ಲ ಮೂರು ತಿಂಗಳು ಇಟ್ಟುಕೊಳ್ಳಬೇಕು ಎನ್ನುವುದು ಸಮುದಾಯ ಬಾನುಲಿಯ ನಿಯಮ. ಕೇಳಿದರೆ ಆಟೊಮೇಷನ್‌ನ ಪಟ್ಟಿಯನ್ನು ಪ್ರಿಂಟ್ ತೆಗೆದು ತೋರಿಸುತ್ತಾರೆ. ಯಾವ ಫೈಲ್ ಓಡಿತು ಎಂದು ಪಟ್ಟಿ ಹೇಳುತ್ತದೆ, ಮೈಕಿನಲ್ಲಿ ಯಾರು ಏನು ಹೇಳಿದರು ಎನ್ನುವುದು ಅದರಲ್ಲಿ ಎಲ್ಲಿದೆ? ಒಂದು ಸಾದಾ ಎಫ್‌ಎಂ ರಿಸೀವರ್‌ನಿಂದ ನಿಮ್ಮದೇ ಪ್ರಸಾರ ಹಿಡಿದು, ಬೇರೆ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ. 64 ಕೆಬಿಪಿಎಸ್ ಎಂಪಿ3 ಆದರೆ ಇಪ್ಪತ್ನಾಲ್ಕು ಗಂಟೆಗೆ ಸುಮಾರು 690 ಎಂಬಿ, 90 ದಿನಕ್ಕೆ 62 ಜಿಬಿ ಆಸುಪಾಸು. ಇವತ್ತಿನ ಯಾವ ಹಾರ್ಡ್ ಡಿಸ್ಕಿಗೂ ಇದು ಲೆಕ್ಕಕ್ಕಿಲ್ಲ. ಟ್ರಾನ್ಸ್‌ಮಿಟರ್ ಕೈಕೊಟ್ಟರೂ ಇದರಲ್ಲೇ ಗೊತ್ತಾಗುತ್ತದೆ.

ಕೊನೆಗೆ ಬ್ಯಾಕಪ್. ಹಾಡಿನ ಫೋಲ್ಡರನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿದೆವು, ಮುಗಿಯಿತು ಎಂದುಕೊಳ್ಳುತ್ತಾರೆ. ರೇಡಿಯೋಡಿಜೆ, ರಿವೆಂಡೆಲ್, ಲಿಬ್ರೆಟೈಮ್ ಈ ಮೂರರಲ್ಲೂ ನಿಯಮ, ತಾರೀಖು, ವೇಳಾಪಟ್ಟಿ ಎಲ್ಲ ಇರುವುದು ಡೇಟಾಬೇಸ್‌ನಲ್ಲಿ. ಹಾಡು ಮತ್ತೆ ಎಲ್ಲಿಂದಲಾದರೂ ಸಿಕ್ಕೀತು, ಮಕ್ಕಳು ತಿಂಗಳುಗಟ್ಟಲೆ ಕೂತು ತುಂಬಿಸಿದ್ದು ಸಿಗುವುದಿಲ್ಲ. ವಾರಕ್ಕೊಮ್ಮೆ ಡೇಟಾಬೇಸ್ ಕಾಪಿ ಮಾಡಿ, ರೇಡಿಯೋ ಕೋಣೆಯಲ್ಲಿ ಇಡದೆ ಆಫೀಸಿನಲ್ಲೋ ಲೈಬ್ರರಿಯಲ್ಲೋ ಇಡಿ. ವರ್ಷಕ್ಕೊಮ್ಮೆಯಾದರೂ ಆ ಕಾಪಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ನಾಳೆಯ ಪಟ್ಟಿ ತಯಾರಾಗುತ್ತದಾ ಅಂತ ನೋಡಿ. ಬೇಸಿಗೆ ರಜೆಯಲ್ಲಿ, ಹಳೆಯ ತಂಡ ಹೋಗುವ ಮುಂಚೆ, ಹೊಸಬರ ಕೈಯಲ್ಲೇ ಮಾಡಿಸಿದರೆ ಇನ್ನೂ ಒಳ್ಳೆಯದು.