ಪದ ಪರಿಚಯ: ಥರ್ಡ್ ಪಾರ್ಟಿ ಇಂಟಿಗ್ರೇಷನ್

ಮಡಿಕೇರಿ ಹತ್ತಿರದ ಒಂದು ರೆಸಾರ್ಟಿನಲ್ಲಿ ನನ್ನ ಕೆಲಸ ನಡೆಯುತ್ತಿತ್ತು. ಒಂದು ಸಂಜೆ ದೊಡ್ಡಪ್ಪ ಕೇಳಿದರು, "ಅಲ್ಲಿ ನಿಂದು ಏನು ಕೆಲಸನೋ?" "ಥರ್ಡ್ ಪಾರ್ಟಿ ಇಂಟಿಗ್ರೇಷನ್" ಅಂದೆ. ಅವರು ಎಲೆಅಡಿಕೆ ಬಾಯಿಗಿಟ್ಟುಕೊಂಡು, "ಹಂಗಾದ್ರೆ ನಮ್ಮ ಜೀಪಿಂದೂ ಈ ತಿಂಗಳು ಮುಗಿಯುತ್ತೆ, ಅದನ್ನೂ ಮಾಡಿಸಿಬಿಡು" ಅಂದರು.

ಅವರ ತಪ್ಪೇನಿಲ್ಲ. ಥರ್ಡ್ ಪಾರ್ಟಿ ಅಂದರೆ ನಮಗೆಲ್ಲ ಇನ್ಶೂರೆನ್ಸೇ ನೆನಪಾಗುವುದು. ಅಲ್ಲಿ ಗಾಡಿ ಮಾಲೀಕ ಒಬ್ಬ, ವಿಮೆ ಕಂಪನಿ ಇನ್ನೊಬ್ಬ, ಗುದ್ದಿಸಿಕೊಂಡವನು ಮೂರನೆಯವನು. ಕಟ್ಟಡದ ಕೆಲಸದಲ್ಲೂ ಲೆಕ್ಕ ಹೆಚ್ಚುಕಡಿಮೆ ಇದೇ. ಕಟ್ಟಡದ ಮಾಲೀಕರು ಒಬ್ಬರು. ಇಡೀ ಕಟ್ಟಡವನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಬಿಎಂಎಸ್, ಅಂದರೆ ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಹಾಕುವವರು ಇನ್ನೊಬ್ಬರು. ಇವರಿಬ್ಬರನ್ನೂ ಬಿಟ್ಟು ಬೇರೆ ಯಾರೋ ಮಾಡಿದ ಜನರೇಟರ್, ಕರೆಂಟ್ ಮೀಟರ್, ಬಿಸಿನೀರಿನ ಹೀಟ್ ಪಂಪ್, ನೀರಿನ ಪಂಪಿನ ಪ್ಯಾನೆಲ್ ಎಲ್ಲವೂ ಥರ್ಡ್ ಪಾರ್ಟಿ. ಅವುಗಳ ಸುದ್ದಿಯೂ ಬಿಎಂಎಸ್‌ನ ಪರದೆ ಮೇಲೆ ಬರುವ ಹಾಗೆ ಮಾಡುವುದೇ ಇಂಟಿಗ್ರೇಷನ್.

ಕನ್ನಡದಲ್ಲಿ ಇದನ್ನು ಏಕೀಕರಣ ಅನ್ನಬಹುದಿತ್ತು. ಆದರೆ ಆ ಪದ ಕೇಳಿದರೆ 1956ರ ನವೆಂಬರ್ ಒಂದು ನೆನಪಾಗುತ್ತದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದೂ ಆವತ್ತೇ. ಸೈಟಿನಲ್ಲಂತೂ ಆ ಪದ ಯಾರ ಬಾಯಲ್ಲೂ ಬರುವುದಿಲ್ಲ. "ಪಾಯಿಂಟ್ ಬಂತಾ?" ಅಂತ ಕೇಳುತ್ತಾರೆ ಅಷ್ಟೇ. ಪಾಯಿಂಟ್ ಅಂದರೆ ಒಂದು ಸುದ್ದಿ. ಡೀಸೆಲ್ ಎಷ್ಟಿದೆ ಅನ್ನುವುದು ಒಂದು ಪಾಯಿಂಟ್. ಜನರೇಟರ್ ಓಡುತ್ತಿದೆಯಾ ಅನ್ನುವುದು ಇನ್ನೊಂದು. ಒಂದು ಮೀಟರಿನಿಂದಲೇ ಹತ್ತಿಪ್ಪತ್ತು ಪಾಯಿಂಟ್ ಬರಬಹುದು.

ಬೆಂಗಳೂರಿನ ಎತ್ತರದ ಕಟ್ಟಡಗಳಲ್ಲಿ ಇದು ಹಳೇ ಕೆಲಸ. ಕೊಡಗಿನಲ್ಲಿ ಬೇಕಾಗುವ ಕಾರಣ ಬೇರೆ. ಇಲ್ಲಿ ಕಟ್ಟಡ ಎತ್ತರಕ್ಕೆ ಬೆಳೆಯುವುದಿಲ್ಲ, ತೋಟದ ತುಂಬ ಹರಡಿಕೊಳ್ಳುತ್ತದೆ. ಕಾಟೇಜುಗಳು ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು. ಪಂಪ್ ಕೆಳಗೆ ತೋಡಿನ ಹತ್ತಿರ. ಟ್ಯಾಂಕ್ ಗುಡ್ಡದ ಮೇಲೆ. ಜೂನ್ ತಿಂಗಳ ಮಳೆಯಲ್ಲಿ ಕೊಡೆ ಹಿಡಿದು, ಕಾಲಿಗೆ ಜಿಗಣೆ ಹತ್ತಿಸಿಕೊಂಡು ಒಂದೊಂದನ್ನೂ ನೋಡಿ ಬರುವುದು ಯಾರಿಗೆ ಬೇಕು?

ಎಲ್ಲಕ್ಕಿಂತ ಸುಲಭದ ಜೋಡಣೆ ಎರಡು ತಂತಿಯದು. ಪಂಪಿನ ಪ್ಯಾನೆಲ್ ಒಳಗೆ ಒಂದು ರಿಲೇ, ಅಂದರೆ ಕರೆಂಟಿನಿಂದ ತಾನೇ ಆಡುವ ಸ್ವಿಚ್, ಇರುತ್ತದೆ. ಪಂಪ್ ಓಡಿದರೆ ಅದರ ಕಾಂಟ್ಯಾಕ್ಟ್ ಕೂಡಿಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಅದರಲ್ಲಿ ಸ್ವಂತ ಕರೆಂಟ್ ಇರುವುದಿಲ್ಲ, ಅದಕ್ಕೇ ಡ್ರೈ ಕಾಂಟ್ಯಾಕ್ಟ್ ಅಂತಾರೆ. ಹೌದು ಅಥವಾ ಇಲ್ಲ, ಎರಡೇ ಉತ್ತರ. ಯಾವ ಭಾಷೆಯೂ ಬೇಡ, ಯಾವ ಪುಸ್ತಕವೂ ಬೇಡ. ಹಳೇ ಮೋಟರಿಗೆ ನಾನು ಈಗಲೂ ಇದನ್ನೇ ಹಾಕುತ್ತೇನೆ.

ಮೀಟರ್, ಹೀಟ್ ಪಂಪ್‌ಗಳಿಗೆ ಅಷ್ಟು ಸಾಲದು. ಅವು ಹೇಳುವುದು ಜಾಸ್ತಿ ಇರುತ್ತದೆ, ಹೇಳಲು ಒಂದು ಭಾಷೆ ಬೇಕು. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಎರಡು. ಒಂದು ಮಾಡ್‌ಬಸ್. ಮಾಡಿಕಾನ್ ಅನ್ನುವ ಕಂಪನಿ 1979ರಲ್ಲಿ ಕಾರ್ಖಾನೆಗಳಿಗೆ ಅಂತ ಮಾಡಿದ್ದು. ಇನ್ನೊಂದು ಬ್ಯಾಕ್‌ನೆಟ್. ಅದು ಕಟ್ಟಡಗಳಿಗೆ ಅಂತಲೇ ಹುಟ್ಟಿದ್ದು. ಅಮೆರಿಕದ ಏರ್ ಕಂಡಿಷನಿಂಗ್ ಇಂಜಿನಿಯರುಗಳ ಸಂಘ ಆಶ್ರೇ 1987ರಲ್ಲಿ ಕೆಲಸ ಶುರುಮಾಡಿ 1995ರಲ್ಲಿ ಹೊರತಂದಿತು. ಬ್ಯಾಕ್‌ನೆಟ್ ಸಾಧನ ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತದೆ. "ಯಾರಿದ್ದೀರಿ?" ಅಂತ ಬಿಎಂಎಸ್ ಕೂಗಿದರೆ "ನಾನು ಇಂಥವನು" ಅಂತ ಉತ್ತರ ಬರುತ್ತದೆ. ಆಮೇಲೆ ಕೇಳಿದರೆ ಯಾವ ಪಾಯಿಂಟಿಗೆ ಏನು ಹೆಸರು, ಈಗಿನ ಅಂಕಿ ಎಷ್ಟು, ಅಳತೆ ಯಾವುದು ಅಂತ ಅದೇ ತಿಳಿಸುತ್ತದೆ. ಮಾಡ್‌ಬಸ್ ಹಾಗಲ್ಲ. ಕೇಳಿದಷ್ಟಕ್ಕೆ ಮಾತ್ರ ಉತ್ತರ. ಅದೂ ಬರೀ ಒಂದು ಅಂಕಿ.

ತಲೆನೋವು ಇರುವುದೇ ಆ ಬರೀ ಅಂಕಿಯಲ್ಲಿ.

ಕೊಡಗಿನವರಿಗೆ ಇದನ್ನು ವಿವರಿಸುವುದು ಸುಲಭ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಎಷ್ಟು ಬಿತ್ತು ಅಂತ ತೋಟದವರನ್ನು ಕೇಳಿ ನೋಡಿ. "ಒಂದು ಇಂಚು ಇಪ್ಪತ್ತು ಸೆಂಟ್ಸ್" ಅಂತಾರೆ. ಇಂಚಿನ ನೂರರಲ್ಲಿ ಒಂದು ಭಾಗ ಒಂದು ಸೆಂಟ್. ಪಕ್ಕದ ತೋಟದ ರೈಟ್ರು ಫೋನಿನಲ್ಲಿ ಸುಮ್ನೆ "ನೂರಿಪ್ಪತ್ತು" ಅಂದರೂ ನಮಗೆ ಅರ್ಥವಾಗುತ್ತದೆ. ಪೇಪರಿನಲ್ಲಿ ಅದೇ ಮಳೆ 30 ಮಿಲಿಮೀಟರ್ ಚಿಲ್ಲರೆ ಅಂತ ಬರುತ್ತದೆ. ಈಗ ಹೊರಗಿನವರೊಬ್ಬರು "ನೂರಿಪ್ಪತ್ತು" ಕೇಳಿಸಿಕೊಂಡು ಮಿಲಿಮೀಟರ್ ಅಂತ ಬರೆದುಕೊಂಡರೆ? ಅಂಕಿ ಸರಿ, ಮಳೆ ನಾಲ್ಕು ಪಟ್ಟು.

ಮಾಡ್‌ಬಸ್‌ನಲ್ಲಿ ದಿನವೂ ಇದೇ ಕಥೆ. ಸಾಧನದ ಒಳಗೆ ರಿಜಿಸ್ಟರ್ ಅನ್ನುವ ಖಾನೆಗಳಿರುತ್ತವೆ. ಒಂದು ಖಾನೆಯಲ್ಲಿ 0ಯಿಂದ 65535ರವರೆಗಿನ ಒಂದು ಪೂರ್ಣಾಂಕ ಹಿಡಿಯುತ್ತದೆ. ದಶಾಂಶ ಇಡಲು ಜಾಗವಿಲ್ಲ. ಹಾಗಾಗಿ 230.4 ವೋಲ್ಟ್ ಇದ್ದರೆ ಮೀಟರ್ ಹತ್ತರಿಂದ ಗುಣಿಸಿ 2304 ಅಂತ ಇಡುತ್ತದೆ. ಹತ್ತರಿಂದ ಭಾಗಿಸಿಕೊಳ್ಳಿ ಅಂತ ತಂತಿಯಲ್ಲಿ ಹೇಳುವುದಿಲ್ಲ. ಅದು ಮೀಟರ್ ಜೊತೆ ಬಂದ ಪುಸ್ತಕದಲ್ಲಿ, ರಿಜಿಸ್ಟರ್ ಮ್ಯಾಪ್ ಅನ್ನುವ ಪಟ್ಟಿಯಲ್ಲಿ ಇರುತ್ತದೆ. ಆ ಪುಸ್ತಕ ರಟ್ಟಿನ ಪೆಟ್ಟಿಗೆ ಸಮೇತ ತೋಟದ ಕೆಲಸಗಾರರ ಲೈನ್ ಮನೆಯ ಒಲೆ ಸೇರಿರುತ್ತದೆ.

ಪಟ್ಟಿ ಸಿಕ್ಕಿದರೂ ಬಲೆಗಳು ಇವೆ. ಕೆಲವು ಪುಸ್ತಕ ಖಾನೆಗಳನ್ನು ಒಂದರಿಂದ ಎಣಿಸುತ್ತವೆ, ತಂತಿಯ ಮೇಲೆ ಎಣಿಕೆ ಸೊನ್ನೆಯಿಂದ ಶುರು. ಪುಸ್ತಕದ 40001 (ಮುಂದಿನ 4 ಖಾನೆಯ ಬಗೆ ಹೇಳುವ ಗುರುತು ಅಷ್ಟೇ) ತಂತಿಯಲ್ಲಿ 0. ಇದನ್ನು ಮರೆತರೆ ಮೂರು ಫೇಸ್ ಕರೆಂಟಿನಲ್ಲಿ ನೀವು ಕೇಳಿದ್ದು ಆರ್ ಫೇಸ್, ಬರುವುದು ವೈ ಫೇಸ್. ಎರಡೂ 230ರ ಆಸುಪಾಸಿನಲ್ಲೇ ಇರುವುದರಿಂದ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಎದ್ದು ಕಾಣುವ ತಪ್ಪಾದರೆ ವಾಸಿ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಎದ್ದು ಕಾಣುವ ತಪ್ಪೂ ಒಂದಿದೆ. ದೊಡ್ಡ ಸಂಖ್ಯೆಗೆ, ದಶಾಂಶದ ಸಂಖ್ಯೆಗೆ ಒಂದು ಖಾನೆ ಸಾಲದೆ ಎರಡು ಬಳಸುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಕಂಪನಿಯವರ ಇಷ್ಟ. 230.4 ವೋಲ್ಟನ್ನು ಎರಡು ಖಾನೆಯಲ್ಲಿ ಇಟ್ಟು, ಅವನ್ನು ಹಿಂದುಮುಂದಾಗಿ ಓದಿದರೆ ಪರದೆಯ ಮೇಲೆ 24 ಅಂಕಿಯ ಒಂದು ಸಂಖ್ಯೆ ಕುಣಿಯುತ್ತದೆ. ಸರಿಯಾಗಿ 230 ಇದ್ದರೆ ಇನ್ನೂ ಮಜಾ: ಸೊನ್ನೆ ತೋರಿಸುತ್ತದೆ. ದೀಪ ಉರಿಯುತ್ತಿದೆ, ಕರೆಂಟ್ ಸೊನ್ನೆ!

ಇನ್ನು ಗೇಟ್‌ವೇ. ಬಿಎಂಎಸ್ ಬ್ಯಾಕ್‌ನೆಟ್ ಮಾತಾಡುತ್ತದೆ, ಪಂಪಿನ ಪ್ಯಾನೆಲ್ ಮಾಡ್‌ಬಸ್ ಮಾತಾಡುತ್ತದೆ. ನಡುವೆ ಒಂದು ಸಣ್ಣ ಡಬ್ಬಿ ಕೂತು ಅತ್ತಲದನ್ನು ಇತ್ತ ಹೇಳುತ್ತದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲ ಒಂದೇ ಅಂಗಡಿಯಲ್ಲಿ ಕೇಳುವ ಊರಿನವರಿಗೆ ದುಭಾಷಿ ಯಾರು ಅಂತ ಹೇಳಿಕೊಡಬೇಕಿಲ್ಲ. ಆದರೆ ಈ ದುಭಾಷಿಗೆ ಒಂದು ಕೆಟ್ಟ ಚಾಳಿ ಇದೆ. ಆ ಕಡೆಯವರು ಮಾತು ನಿಲ್ಲಿಸಿದರೂ ಇದು ಕೊನೆಗೆ ಕೇಳಿದ್ದನ್ನೇ ಹೇಳುತ್ತಾ ಕೂರಬಹುದು.

ಆ ರೆಸಾರ್ಟಿನಲ್ಲಿ ನನಗೆ ಆದದ್ದು ಅದೇ. ಶನಿವಾರ, ಭಾನುವಾರ, ರೂಮುಗಳೆಲ್ಲ ಭರ್ತಿ. ಗುಡ್ಡದ ಟ್ಯಾಂಕಿನಲ್ಲಿ ಶೇಕಡಾ 82 ನೀರು ಅಂತ ಪರದೆ ತೋರಿಸುತ್ತಿತ್ತು. ಭಾನುವಾರ ಬೆಳಿಗ್ಗೆ ಮೇಲಿನ ಕಾಟೇಜಿನವರು ತಲೆಗೆ ಸೋಪು ಹಚ್ಚಿಕೊಂಡ ಸ್ಥಿತಿಯಲ್ಲೇ ರಿಸೆಪ್ಷನ್‌ಗೆ ಫೋನ್ ಮಾಡಿದರು, ನಲ್ಲಿಯಲ್ಲಿ ಗಾಳಿ ಬರುತ್ತಿದೆ ಅಂತ. ಮ್ಯಾನೇಜರ್ ಪರದೆ ನೋಡಿ "ಟ್ಯಾಂಕ್ ತುಂಬಿದೆ ಸಾರ್" ಅಂದರಂತೆ. ನಾನು ಹೋಗಿ ಹಿಂದಿನ ದಿನದ ಗ್ರಾಫ್ ತೆಗೆದೆ. ಶನಿವಾರ ಮಧ್ಯಾಹ್ನದಿಂದ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿತ್ತು. ಅಷ್ಟು ಜನ ಸ್ನಾನ ಮಾಡುವ ಟ್ಯಾಂಕಿನಲ್ಲಿ ನೀರು ಒಂದು ಕೂದಲಿನಷ್ಟೂ ಅಲ್ಲಾಡದೆ ನಿಲ್ಲುತ್ತದಾ? ಗುಡ್ಡ ಹತ್ತಿ ನೋಡಿದರೆ ಸಿಲ್ವರ್ ಮರದ ಕೊಂಬೆ ಬಿದ್ದು ಕೇಬಲ್ ತುಂಡಾಗಿತ್ತು. ಗೇಟ್‌ವೇ ಮಾತ್ರ 82, 82 ಅಂತ ಜಪ ಮಾಡುತ್ತಿತ್ತು.

ತಪ್ಪು ನನ್ನದೇ. ಸಂಪರ್ಕ ಹೋದರೆ ಪಾಯಿಂಟನ್ನು ಕೆಟ್ಟಿದೆ ಅಂತ ಗುರುತು ಮಾಡುವ ಸೌಲಭ್ಯ ಬ್ಯಾಕ್‌ನೆಟ್‌ನಲ್ಲಿದೆ, ಆ ಗೇಟ್‌ವೇಯಲ್ಲೂ ಇತ್ತು. ನಾನು ಆನ್ ಮಾಡಿರಲಿಲ್ಲ. ಈಗ ಯಾವ ಕೆಲಸ ಮುಗಿಸಿದರೂ ಕೊನೆಗೆ ಒಂದೊಂದೇ ತಂತಿ ಕಿತ್ತು ನೋಡುತ್ತೇನೆ. ಪರದೆ ಕೆಂಪಾಗಬೇಕು. ಆಗದಿದ್ದರೆ ಬಿಲ್ ಕೊಡುವುದಿಲ್ಲ.

ತಂತಿಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಾಡ್‌ಬಸ್ ಸಾಮಾನ್ಯವಾಗಿ ಓಡುವುದು ಆರ್‌ಎಸ್-485 ಅನ್ನುವ, ಒಂದಕ್ಕೊಂದು ಹೊಸೆದ ಜೋಡಿ ತಂತಿಯ ಮೇಲೆ. ನಿಧಾನವಾಗಿ ಮಾತಾಡಿಸಿದರೆ 1200 ಮೀಟರ್‌ವರೆಗೆ ಹೋಗುತ್ತದೆ. ಷರತ್ತು ಏನೆಂದರೆ ಸಾಧನಗಳು ಹೂಮಾಲೆಯ ಹಾಗೆ ಒಂದಾದ ಮೇಲೊಂದು ಇರಬೇಕು, ಎರಡು ತುದಿಗೂ 120 ಓಮ್‌ನ ರೆಸಿಸ್ಟರ್ ಬೇಕು. ನಮ್ಮ ಎಲೆಕ್ಟ್ರಿಷಿಯನ್‌ಗಳಿಗೆ ಪ್ರತಿ ಕಾಟೇಜಿನಿಂದ ನೇರ ಒಂದೊಂದು ಎಳೆ ತಂದು ಒಂದೇ ರೂಮಿನಲ್ಲಿ ಗಂಟು ಹಾಕುವುದು ಅಭ್ಯಾಸ. ಹಾಗೆ ಮಾಡಿದರೆ ಒಮ್ಮೆ ಮಾತಾಡುತ್ತದೆ, ಒಮ್ಮೆ ಇಲ್ಲ. ಮಾಲೆಯಲ್ಲಿ ಒಂದು ಮೀಟರ್ ಸತ್ತರೂ ಉಳಿದವು ನಿಧಾನವಾಗುತ್ತವೆ. ಯಾಕೆಂದರೆ ಸರದಿ ಬಂದಾಗಲೆಲ್ಲ ಸತ್ತವನ ಉತ್ತರಕ್ಕೂ ಕಾಯಲೇಬೇಕು.

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಗೊತ್ತಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತೋಟದೊಳಗೆ ತಾಮ್ರದ ತಂತಿ ಎಳೆದರೆ ಎಲ್ಲೋ ಹತ್ತಿರ ಬಿದ್ದ ಸಿಡಿಲೂ ಅದರೊಳಗೆ ಬರುತ್ತದೆ, ಎರಡೂ ಕಡೆಯ ಬೋರ್ಡು ಹೋಗುತ್ತದೆ. ಕಟ್ಟಡಗಳ ನಡುವೆ ನಾನು ಈಗ ಫೈಬರ್ ಮಾತ್ರ ಹಾಕುವುದು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಅಷ್ಟು ಸಾಕು.

ಇಂಟಿಗ್ರೇಷನ್ ಅಂದರೆ ಬಿಎಂಎಸ್‌ನಿಂದ ಎಲ್ಲವನ್ನೂ ಆನ್, ಆಫ್ ಮಾಡಬಹುದು ಅಂತ ಮಾಲೀಕರು ಅಂದುಕೊಳ್ಳುತ್ತಾರೆ. ಓದುವುದು ಬೇರೆ, ಬರೆಯುವುದು, ಅಂದರೆ ಆಜ್ಞೆ ಕೊಡುವುದು, ಬೇರೆ. ಕರೆಂಟ್ ಹೋದರೆ ಜನರೇಟರ್ ಶುರುಮಾಡಲು ಅದರದ್ದೇ ಪ್ಯಾನೆಲ್ ಇದೆ. ಅದರ ಕೆಲಸದಲ್ಲಿ ಕೈ ಹಾಕಬಾರದು. ಬೆಂಕಿ ಅಲಾರಂ ಪ್ಯಾನೆಲ್ ಅಂತೂ ಓದಲು ಮಾತ್ರ. ಬರೆಯುವ ಕಡೆ ಬ್ಯಾಕ್‌ನೆಟ್ ಒಂದು ಒಳ್ಳೆ ವ್ಯವಸ್ಥೆ ಇಟ್ಟಿದೆ. ಒಂದು ಪಂಪಿಗೆ ಹಲವರು ಆಜ್ಞೆ ಕೊಡಬಹುದು, ಆಜ್ಞೆಗಳಿಗೆ 16 ಮೆಟ್ಟಿಲು. ಒಂದನೆಯದು ಎಲ್ಲಕ್ಕಿಂತ ಮೇಲು. ಕೊಡವರ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಹಿರಿಯರಾದ ಪಟ್ಟೆದಾರರು ಮಾತಾಡಿದ ಮೇಲೆ ಹುಡುಗರ ಮಾತು ನಡೆಯುತ್ತದಾ? ಹಾಗೆ. ಆದರೆ ಯಾರೋ ಎಂಟನೇ ಮೆಟ್ಟಿಲಿನಿಂದ ಕೈಯಾರೆ "ಆನ್" ಅಂತ ಒತ್ತಿ, ವಾಪಸ್ ಬಿಡಲು ಮರೆತರೆ, ಹದಿನಾರನೇ ಮೆಟ್ಟಿಲಿನಲ್ಲಿರುವ ವೇಳಾಪಟ್ಟಿ "ಆಫ್, ಆಫ್" ಅಂತ ಎಷ್ಟು ಕೂಗಿದರೂ ಪಂಪ್ ನಿಲ್ಲುವುದಿಲ್ಲ.

ಹೊಸ ಮೆಷಿನ್ ತರುವವರು ಅಂಗಡಿಯಲ್ಲಿ "ಬಿಎಂಎಸ್‌ಗೆ ಕನೆಕ್ಟ್ ಆಗುತ್ತಾ?" ಅಂತ ಕೇಳುತ್ತಾರೆ. "ಆಗುತ್ತೆ" ಅಂತಲೇ ಉತ್ತರ. ಕೇಳಬೇಕಾದ್ದು ಬೇರೆ: ರಿಜಿಸ್ಟರ್ ಮ್ಯಾಪ್ ಕೊಡಿ, ದುಡ್ಡು ಕೊಡುವ ಮೊದಲೇ ಕೊಡಿ. ಕೆಲವು ಮೆಷಿನ್‌ಗಳಲ್ಲಿ ಮಾಡ್‌ಬಸ್ ಕಾರ್ಡಿಗೆ ಬೇರೆ ಹಣ ಇರುತ್ತದೆ, ಅದೂ ಆಗಲೇ ಗೊತ್ತಾಗಲಿ.

ಇಷ್ಟೆಲ್ಲ ಹೇಳುವ ನಾನೇ ಈ ವರ್ಷ ದೊಡ್ಡಪ್ಪನ ಕೈಯಲ್ಲಿ ಸಿಕ್ಕಿಬಿದ್ದೆ. ಅವರ ಮನೆಗೆ ಒಂದು ಮಳೆ ಮಾಪಕ ಹಾಕಿಕೊಟ್ಟಿದ್ದೆ. ಅದರೊಳಗೆ ತಕ್ಕಡಿಯಂಥ ಒಂದು ಪುಟ್ಟ ಬಕೆಟ್ ಇರುತ್ತದೆ. ಇಷ್ಟು ನೀರು ತುಂಬಿದ ಕೂಡಲೇ ಮಗುಚಿಕೊಂಡು ಒಂದು ಸಲ "ಟಿಕ್" ಅನ್ನುತ್ತದೆ. ಒಂದು ಟಿಕ್‌ಗೆ 0.2 ಮಿಲಿಮೀಟರ್ ಅಂತ ಲೆಕ್ಕ ಹಾಕಿ, ಸೆಂಟ್ಸ್‌ಗೆ ಬದಲಾಯಿಸಿ ಅವರ ಮೊಬೈಲಿಗೆ ಬರುವ ಹಾಗೆ ಮಾಡಿದ್ದೆ. ಮೊದಲ ಹೂಮಳೆ ಬಿದ್ದ ಮಾರನೇ ಬೆಳಿಗ್ಗೆ ಫೋನ್ ಬಂತು.

"ನಿನ್ನ ಮೆಷಿನ್ ಎಷ್ಟು ಅನ್ನುತ್ತೆ?"

"ತೊಂಬತ್ತೆಂಟು ಸೆಂಟ್ಸ್ ದೊಡ್ಡಪ್ಪ."

"ನನ್ನ ಗಾಜಿನ ಅಳತೆಯಲ್ಲಿ ಒಂದು ಇಂಚು ಇಪ್ಪತ್ತೈದು. ಬಂದು ನೋಡು."

ಹೋಗಿ ಮಾಪಕ ಬಿಚ್ಚಿ ತಿರುಗಿಸಿದೆ. ತಳದಲ್ಲಿ ಅಂಟಿಸಿದ್ದ ಚೀಟಿಯಲ್ಲಿ 0.254 ಅಂತ ಇತ್ತು. ಇಂಚಿನ ದೇಶಕ್ಕೆ ಮಾಡಿದ ಮಾಪಕ. ಒಂದು ಟಿಕ್‌ಗೆ ಸರಿಯಾಗಿ ಒಂದು ಸೆಂಟ್. ಬಕೆಟ್ ರಾತ್ರಿಯಿಡೀ ನೂರಿಪ್ಪತ್ತೈದು ಸಲ ಸರಿಯಾಗಿಯೇ ಮಗುಚಿತ್ತು. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಆ ಚೀಟಿ ಓದಿದರು. ಆಮೇಲೆ ಒಳಗೆ ಹೋಗಿ ತಮ್ಮ ಮಳೆ ಪುಸ್ತಕದಲ್ಲಿ 1.25 ಅಂತ ಬರೆದರು.